ಮನೆಯಲ್ಲೇ ಬೆಳಗಾವಿ ಕುಂದಾ

ಹಾಲಿನ ಸಿಹಿತಿಂಡಿಗಳಿಗೆ ಮುಖ್ಯವಾಗಿ ಎರಡು ದಾರಿಗಳು. ಹಾಲನ್ನು ಬತ್ತಿಸಿದರೆ ಖೋವಾ. ಧಾರವಾಡದ ಪೇಡೆ ಈ ಬಗೆಯದು. ಹುಳಿಯಿಂದ ಒಡೆಸಿದರೆ ಛೆನ್ನ. ಬಂಗಾಳದ ರಸಗುಲ್ಲ ಆ ಬಗೆಯದು. ಬೆಳಗಾವಿಯ ಕುಂದಾದಲ್ಲಿ ಇವೆರಡೂ ಕೂಡುತ್ತವೆ.

ಮಂಗಳೂರಿನ ಮನೆಗಳಿಗೆ ಬರುವ ನಂದಿನಿ ಹಾಲೇ ಇದಕ್ಕೆ ಸಾಕು. 1 ಲೀಟರ್ ಹಾಲನ್ನು ದಪ್ಪ ತಳದ ಬಾಣಲೆಯಲ್ಲಿ ಅರ್ಧಕ್ಕೆ ಬತ್ತಿಸಿ, 3 ಚಮಚ ಮೊಸರು ಬೆರೆಸಬೇಕು. ಮೊಸರಿನ ಹುಳಿಗೆ ಹಾಲಿನ ಸಸಾರಜನಕವು ಹೆಪ್ಪುಗಟ್ಟಿ ತರಿತರಿಯಾಗುತ್ತದೆ. ನೀರಿಂಗಿದ ಬಳಿಕ 100 ಗ್ರಾಂ ಸಕ್ಕರೆಯನ್ನು, ಅದರಲ್ಲಿ ತುಸುಭಾಗವನ್ನು ಕಂದಾಗುವಂತೆ ಕರಗಿಸಿ, ಸೇರಿಸಬೇಕು. ಉರಿ ಸಣ್ಣದಿರಲಿ, ತಳ ಹಿಡಿದರೆ ಎಲ್ಲವೂ ಕಹಿ.

ಪೇಟೆಯ ಖೋವಾಕ್ಕೆ ಪಿಷ್ಟ ಬೆರೆಸಿದ್ದರೆ ಅಯೋಡಿನ್ ಹನಿಗೆ ಅದು ನೀಲಿಯಾಗುತ್ತದೆ. ಮನೆಯ ಕುಂದಾಕ್ಕೆ ಆ ಪರೀಕ್ಷೆ ಬೇಕಿಲ್ಲ. ಆದರೆ ಕರಾವಳಿಯ ಸೆಕೆಗೆ ಬೇಗ ಕೆಡುವುದರಿಂದ ತಂಪುಪೆಟ್ಟಿಗೆಯಲ್ಲಿಟ್ಟು ಮೂರು ದಿನಗಳೊಳಗೆ ಹಂಚಿ ತಿನ್ನುವುದೇ ಲೇಸು.