ದವಾಖಾನೆಗೆ ಬೋರ್ಡು ಹಾಕಿದ ಮೇಲೆ

ವೈದ್ಯವೃತ್ತಿಯ ವಿಷಯವಾಗಿ ಬರೆಯಲು ಸರಕಾರಿ ಕಚೇರಿಯ ಗುಮಾಸ್ತನೊಬ್ಬನಿಗೆ ಏನು ಅಧಿಕಾರವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಓದಿದ್ದು ಬಿ.ಎ.; ನಾಡಿ ಹಿಡಿದು ನೋಡಲು ಬಾರದು. ಆದರೆ ಕಳೆದ ಮೂರು ವರ್ಷಗಳಿಂದ ನನ್ನ ಹೆಂಡತಿಯ ತಮ್ಮ ಡೊಂಬಿವಲಿಯಲ್ಲಿ ದವಾಖಾನೆ ನಡೆಸುತ್ತಿದ್ದಾನೆ. ಅದಕ್ಕಾಗಿ ತೆಗೆದ ಸಾಲದ ಕಾಗದದಲ್ಲಿ ನನ್ನ ಸಹಿಯೂ, ಬ್ಯಾಂಕಿನ ತಿಜೋರಿಯಲ್ಲಿ ನನ್ನ ಹೆಂಡತಿಯ ನಾಲ್ಕು ಬಳೆಗಳೂ ಇವೆ. ಇಷ್ಟು ಅಧಿಕಾರ ಸಾಕೆಂದುಕೊಂಡಿದ್ದೇನೆ. ನಮ್ಮ ಸದಸ್ಯರಲ್ಲಿ ಕೆಲವರ ಮಕ್ಕಳು ಈಗ ವೈದ್ಯಕೀಯ ಓದುತ್ತಿದ್ದಾರೆ. ಸಂಘದ ಕಾರ್ಯಕ್ರಮಗಳಲ್ಲಿ ಕಂಡಾಗಲೆಲ್ಲ ಆ ತಂದೆಯಂದಿರು, "ಬೋರ್ಡು ಹಾಕಿದ ಮೇಲೆ ಮುಂದೇನ್ರಿ?" ಎಂದು ಕೇಳುವುದುಂಟು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹುಡುಗ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಎರಡು ವರ್ಷ ಬೇರೆಯವರ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ, ಮಹಾರಾಷ್ಟ್ರದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಬಂದ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಗಾಳೆ ಸಿಕ್ಕಿತು. ಲೆಕ್ಕ ಹಾಕುವುದು ನನ್ನ ಕಸುಬಾದ್ದರಿಂದ ಮೊದಲ ದಿನವೇ ಕಾಗದದ ಮೇಲೆ ಹಾಕಿದೆ. ಬಾಡಿಗೆ 15,000 ರೂಪಾಯಿ, ಸಹಾಯಕ ಹುಡುಗಿಯ ಸಂಬಳ 9,000, ವಿದ್ಯುತ್ತು ಮತ್ತು ಇತರೇ ಖರ್ಚು 4,000, ಸಾಲದ ಕಂತು 14,000, ಒಟ್ಟು 42,000. ಮುಂಬಯಿಯ ಹಳೆಯ ಪದ್ಧತಿಯಂತೆ ಫೀಯಲ್ಲಿಯೇ ಎರಡು ದಿನದ ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಡಬೇಕು. ಒಬ್ಬ ರೋಗಿ ಕೊಡುವ ನೂರು ರೂಪಾಯಿಯಲ್ಲಿ ಮೂವತ್ತು ಔಷಧಕ್ಕೆ ಹೋದರೆ ಉಳಿಯುವುದು ಎಪ್ಪತ್ತು. ಅಂದರೆ ತಿಂಗಳಿಗೆ ಆರುನೂರು ರೋಗಿಗಳು, ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತಮೂರು. ಇಷ್ಟು ಮಂದಿ ಬಂದರೆ ಡಾಕ್ಟರರು ಕಿಸೆಯಿಂದ ಏನೂ ಹಾಕಬೇಕಾಗಿಲ್ಲ. ಆದರೆ ಊಟಕ್ಕೆ ನಮ್ಮ ಮನೆಗೇ ಬರಬೇಕು.

ಮೊದಲ ತಿಂಗಳು ನಮ್ಮ ಸಂಘದವರು ಬಹಳ ಮಂದಿ ಬಂದರು. ದವಾಖಾನೆ ನಿಂತಿತೆಂದೇ ನಾನು ತಿಳಿದೆ. ಸಂಪಾದಕರು ಕ್ಷಮಿಸಬೇಕು, ಬಂದವರಲ್ಲಿ ಅರ್ಧ ಮಂದಿ ಫೀ ಕೊಡಲಿಲ್ಲ. ಇವನು ಕೇಳಲೂ ಇಲ್ಲ. "ನಮ್ಮವರ ಹತ್ತರ ಹ್ಯಾಂಗ ಕೇಳೂದು?" ಎಂಬುದು ಅವನ ಸಂಕೋಚ. ಮೂರನೆಯ ತಿಂಗಳಿಗೆ ನಮ್ಮವರೂ ಕಡಿಮೆಯಾದರು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನೆಂದ: "ಭಾವಾ, ಇವತ್ತ ಐದು ಮಂದಿ ಬಂದಿದ್ರು. ಅದರಾಗ ಒಬ್ಬಾಂವ ಗಿರಣಿ ಎಲ್ಲೈತಿ ಅಂತ ಕೇಳಲಿಕ್ಕೆ ಬಂದಾಂವ."

ಫೀಯ ಸಂಕೋಚವನ್ನು ನನ್ನ ಹೆಂಡತಿ ಬಿಡಿಸಿದಳು. ವೈದ್ಯರು ತಮ್ಮ ಫೀಯನ್ನು ಫಲಕದ ಮೇಲೆ ಕಾಣುವಂತೆ ಬರೆದಿರಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಿಯಮಗಳಲ್ಲಿಯೇ ಇದೆ. ನಾನು ಆ ವಾಕ್ಯವನ್ನು ಹುಡುಕಿ ಓದಿ ಹೇಳಿದೆ, ಅವಳು ಮರುದಿನ ಫಲಕ ಬರೆಸಿ ತೂಗುಹಾಕಿದಳು. ಫಲಕ ಕೇಳುವ ಹಣಕ್ಕೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಬಡವರೆಂದು ತೋರಿದವರಿಗೆ ಬಿಡುವುದು ಅವನ ಇಷ್ಟ, ಈಗಲೂ ಬಿಡುತ್ತಾನೆ.

ವೇಳೆಯ ತಪ್ಪು ನನ್ನ ಕಣ್ಣಿಗೆ ಬಿತ್ತು, ಏಕೆಂದರೆ ನಾನೂ ಲೋಕಲ್ ಗಾಡಿಯಲ್ಲಿ ತೂಗಾಡಿಕೊಂಡು ಬರುವವನೇ. ಇವನು ಸಂಜೆ ಐದರಿಂದ ಎಂಟರವರೆಗೆ ಬಾಗಿಲು ತೆರೆದಿಡುತ್ತಿದ್ದ. ಡೊಂಬಿವಲಿಯ ದುಡಿಯುವ ಜನ ಕೋಟೆ, ದಾದರುಗಳಿಂದ ಊರು ಸೇರುವುದೇ ಏಳೂವರೆಯ ಮೇಲೆ. ಮನೆಗೆ ಹೋಗಿ ಕೈಕಾಲು ತೊಳೆದು ಮಗುವನ್ನೆತ್ತಿಕೊಂಡು ಬರುವಷ್ಟರಲ್ಲಿ ಇಲ್ಲಿ ಬೀಗ. ಆರೂವರೆಯಿಂದ ಹತ್ತರವರೆಗೆ ಎಂದು ಬದಲಾಯಿಸಿದ ವಾರದಲ್ಲೇ ಬೆಂಚು ತುಂಬತೊಡಗಿತು. ಇದಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿರಲಿಲ್ಲ, ರೈಲ್ವೆ ವೇಳಾಪತ್ರಿಕೆ ಸಾಕಾಗಿತ್ತು. ಮರಾಠಿಯನ್ನು ಮಾತ್ರ ಅವನು ಕಷ್ಟಪಟ್ಟೇ ಕಲಿತ. ನೋವಿನ ಮಾತನ್ನು ಜನರು ತಮ್ಮ ನುಡಿಯಲ್ಲಿ ಹೇಳಿದಷ್ಟು ಚೆನ್ನಾಗಿ ಹಿಂದಿಯಲ್ಲಿ ಹೇಳಲಾರರು.

ಇನ್ನು ನನ್ನ ಮೂರ್ಖತನಗಳು. ಕೈಪತ್ರಿಕೆ ಹಂಚಿದರೆ ರೋಗಿಗಳು ಬಂದಾರೆಂದು "ನುರಿತ, ಅನುಭವೀ, ಸರ್ವರೋಗಗಳಿಗೂ..." ಎಂದು ಒಂದು ಒಕ್ಕಣೆ ತಯಾರಿಸಿದೆ. ಅವನು ನಕ್ಕು ಮಡಿಚಿಟ್ಟ. ಅದೇ 2002ರ ನಿಯಮಗಳು ವೈದ್ಯರ ಜಾಹೀರಾತನ್ನು ನಿಷೇಧಿಸುತ್ತವೆ. ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ಸ್ವಲ್ಪ ಕಾಲ ಊರಿನಲ್ಲಿ ಇಲ್ಲದಾಗ ಮತ್ತು ತಿರುಗಿ ಬಂದಾಗ, ಮತ್ತೊಬ್ಬರ ದವಾಖಾನೆಯನ್ನು ವಹಿಸಿಕೊಂಡಾಗ ಸರಳವಾದ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಕೊಡಬಹುದು. ಫೀ ಎಷ್ಟೆಂದೂ ತಿಳಿಸಬಹುದು. ಹೊಗಳಿಕೆ ಕೂಡದು. 2023ರ ಆಗಸ್ಟಿನಲ್ಲಿ ಹೊಸ ನಿಯಮಗಳು ಪ್ರಕಟವಾದವು, ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿಯಲಾಯಿತು. ಕಡತ ಹೀಗೆ ಹೋಗಿ ಹಾಗೆ ಹಿಂದಿರುಗುವುದು ನನಗೆ ಹೊಸತಲ್ಲ.

ಎರಡನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಆರನೆಯ ತಿಂಗಳಲ್ಲಿ ಒಂದು ರಕ್ತಪರೀಕ್ಷಾಲಯದ ಪ್ರತಿನಿಧಿ ಬಂದು, ಕಳಿಸಿದ ಪ್ರತಿ ರೋಗಿಯ ಮೇಲೂ ಇಷ್ಟೆಂದು ತಿಂಗಳ ಕೊನೆಗೆ ಲಕೋಟೆ ಮುಟ್ಟಿಸುವುದಾಗಿ ಹೇಳಿದ. ಆ ತಿಂಗಳ ಕಂತಿಗೆ ಎಂಟು ಸಾವಿರ ಕಡಿಮೆ ಬಿದ್ದಿತ್ತು. "ಹ್ಯಾಗೂ ಪರೀಕ್ಷೆ ಮಾಡಿಸಲೇಬೇಕಲ್ಲ, ಇವರಲ್ಲಿಯೇ ಮಾಡಿಸಿದರೆ ಏನಾಯಿತು?" ಎಂದುಬಿಟ್ಟೆ ನಾನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಭಾವಾ, ಇವತ್ತ ಬೇಕಾದ ಪರೀಕ್ಷಾ ಬರೀತೀನಿ. ಲಕೋಟಿ ಬಂದ ಮ್ಯಾಲೆ ಬೇಡಾದ್ದೂ ಬರೀತೀನಿ. ಅದು ನನಗ ಗೊತ್ತಾಗೂದೂ ಇಲ್ಲ" ಎಂದ. ಇಂತಹ ದಳ್ಳಾಳಿಯನ್ನು ನಿಯಮವೂ ನಿಷೇಧಿಸಿದೆ. ಆದರೆ ಅವನು ನಿಯಮದ ಮಾತೆತ್ತಲಿಲ್ಲ. ಎಂಟು ಸಾವಿರವನ್ನು ನನ್ನ ಹೆಂಡತಿ ತನ್ನ ಚೀಟಿಯ ಹಣದಿಂದ ಕೊಟ್ಟಳು.

ರೋಗಿಗಳನ್ನು ಕಳೆದುಕೊಂಡದ್ದೂ ಉಂಟು. ನೆಗಡಿಜ್ವರಕ್ಕೆ ಸೂಜಿ ಚುಚ್ಚದ ಡಾಕ್ಟರ ಎಂಥ ಡಾಕ್ಟರ ಎಂದು ಕೆಲವರು ಎದುರಿನ ಸಾಲಿಗೆ ಹೋದರು. ಏಕೆ ಬೇಡವೆಂಬುದನ್ನು ಎರಡು ನಿಮಿಷ ತಿಳಿಸಿ ಹೇಳಿದರೆ ಹತ್ತರಲ್ಲಿ ಆರು ಮಂದಿ ಒಪ್ಪುತ್ತಾರೆ, ಉಳಿದವರು ಹೋಗುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ವರ್ಷದ ದೀಪಾವಳಿಗೆ ಮುಂಚೆ ಒಬ್ಬ ಕೂಲಿಕಾರ ಕೆಮ್ಮೆಂದು ಬಂದಿದ್ದ. ಎರಡು ದಿನದ ಔಷಧ ಕೊಟ್ಟು, ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಮರಳಿ ಬಾ ಎಂದು ಚೀಟಿ ಬರೆದುಕೊಟ್ಟು ಕಳಿಸಿದ. ಎರಡು ವಾರ ಮೀರಿದ ಕೆಮ್ಮನ್ನು ಕ್ಷಯವಿರಬಹುದೆಂದು ನೋಡಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಸೂಚನೆ. ಮನುಷ್ಯ ಮರಳಿ ಬರಲಿಲ್ಲ. ಎರಡೂವರೆ ತಿಂಗಳ ಮೇಲೆ ಅವನ ಹೆಂಡತಿ ಮಗುವನ್ನೆತ್ತಿಕೊಂಡು ಬಂದಳು. ಗಂಡ ರಕ್ತ ಕಾರಿ ಆಸ್ಪತ್ರೆ ಸೇರಿದ್ದಾನೆ, ಈಗ ಮಗುವಿಗೂ ಜ್ವರ ಬಿಡುತ್ತಿಲ್ಲ. ನಮ್ಮ ಡಾಕ್ಟರನಿಗೆ ಆ ಮನುಷ್ಯನ ಮುಖ ನೆನಪಿತ್ತು, ಹೆಸರು ನೆನಪಿರಲಿಲ್ಲ. ಯಾವ ದಿನ ಬಂದಿದ್ದ, ಏನು ಕೊಟ್ಟೆ, ಕೆಮ್ಮು ಎಷ್ಟು ದಿನದ್ದೆಂದು ಹೇಳಿದ್ದ, ಯಾವುದೂ ದವಾಖಾನೆಯಲ್ಲಿ ಉಳಿದಿರಲಿಲ್ಲ. ಎಲ್ಲವೂ ಆ ಚೀಟಿಯ ಜೊತೆ ಹೋಗಿತ್ತು.

ಅಂದು ರಾತ್ರಿ ಅವನು ಊಟ ಮಾಡಲಿಲ್ಲ. "ಭಾವಾ, ನಿಮ್ಮ ಆಫೀಸಿನಾಗ ಒಂದು ಕಾಗದ ಹೀಂಗ ಕಳೀತದ ಏನು?" ಎಂದು ಕೇಳಿದ. ಕಾಗದ ಕಳೆಯುತ್ತದೆ, ಆದರೆ ಬಂದಿತ್ತೆಂಬುದಕ್ಕೆ ಆವಕ ವಹಿಯಲ್ಲಿ ನಂಬರು ಉಳಿಯುತ್ತದೆ ಎಂದೆ.

ಮುಂದಿನ ಭಾನುವಾರ ಇಬ್ಬರೂ ಮಾಟುಂಗಕ್ಕೆ ಹೋದೆವು. ನಾನು ಅಲ್ಲಿ ಬಾಡಿಗೆಗಿದ್ದ ಕಾಲಕ್ಕೆ ನಮ್ಮ ಮನೆಯ ಡಾಕ್ಟರರಾಗಿದ್ದ ಹಿರಿಯರು ಆಗ ವೃತ್ತಿಯಿಂದ ನಿವೃತ್ತರಾಗಿದ್ದರು. ಅವರು ತಮ್ಮ ಹಳೆಯ ಕಾರ್ಡುಗಳನ್ನು ತೋರಿಸಿದರು. ಆಳಿಗೊಂದಲ್ಲ, ಮನೆಗೊಂದು ಕಾರ್ಡು. ಅಜ್ಜನ ಸಕ್ಕರೆ ಕಾಯಿಲೆ, ಸೊಸೆಯ ಬಸಿರು, ಮೊಮ್ಮಗನ ಗೂರಲು ಎಲ್ಲವೂ ಒಂದೇ ಕಡೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಆಯ್ಸ್‌ಗಾರ್ತ್ ಎಂಬ ಹಳ್ಳಿಯಲ್ಲಿದ್ದ ವಿಲಿಯಂ ಪಿಕಲ್ಸ್ ಎಂಬ ಡಾಕ್ಟರರ ಕಥೆಯನ್ನು ಅವರೇ ಹೇಳಿದ್ದು. ಆ ಮನುಷ್ಯ ತನ್ನ ಕಣಿವೆಯ ಹಳ್ಳಿಗಳಲ್ಲಿ ಯಾರಿಗೆ ಯಾವ ದಿನ ಯಾವ ಅಂಟುರೋಗ ಬಂತೆಂದು ವರ್ಷಗಟ್ಟಲೆ ಬರೆದಿಟ್ಟರು. 1929ರಲ್ಲಿ ಕಾಮಾಲೆ ಹಬ್ಬಿದಾಗ ಅದರ ಎಳೆಯನ್ನು ಹಿಡಿದು ಹೋಗಿ ಒಂದು ಹಳ್ಳಿಯ ಉತ್ಸವಕ್ಕೂ, ಅಂದು ಬೆಳಿಗ್ಗೆ ಹಾಸಿಗೆಯಲ್ಲಿದ್ದು ಆಮೇಲೆ ಎದ್ದು ಉತ್ಸವಕ್ಕೆ ಹೋದ ಒಬ್ಬ ಹುಡುಗಿಗೂ ಮುಟ್ಟಿಸಿದರು. ಅವರ ಪುಸ್ತಕ 1939ರಲ್ಲಿ ಪ್ರಕಟವಾಯಿತು. ಮುಂದೆ ಬ್ರಿಟನ್ನಿನ ಸಾಮಾನ್ಯ ವೈದ್ಯರ ಕಾಲೇಜು ಸ್ಥಾಪನೆಯಾದಾಗ ಈ ಹಳ್ಳಿಯ ಡಾಕ್ಟರರೇ ಅದರ ಮೊದಲ ಅಧ್ಯಕ್ಷರು.

ಮರಳಿ ಬಂದವನೇ ನಾನು ಕಾರ್ಡಿಗೆ ಗೆರೆ ಎಳೆಯಲು ಕುಳಿತೆ. ತಲೆಯ ಮೇಲೆ ಮನೆಯ ನಂಬರು, ಕಟ್ಟಡದ ಹೆಸರು, ಫೋನು. ಅದರ ಕೆಳಗೆ ಕೆಂಪು ಮಸಿಯಲ್ಲಿ, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದು. ಆಮೇಲೆ ಮನೆಯ ಒಬ್ಬೊಬ್ಬರಿಗೆ ಹುಟ್ಟಿದ ವರ್ಷ, ನಡೆಯುತ್ತಿರುವ ಕಾಯಿಲೆ, ತಾರೀಖು, ಕೊಟ್ಟ ಔಷಧ. ಕಾರ್ಡಿಗಿಂತಲೂ ಉಪಯೋಗಕ್ಕೆ ಬಂದದ್ದು ನಮ್ಮ ಕಚೇರಿಯ ಜ್ಞಾಪನಾ ದಿನಚರಿ. ಕಡತ ಯಾವ ದಿನ ಮತ್ತೆ ಮೇಜಿಗೆ ಬರಬೇಕೋ ಆ ದಿನದ ಹಾಳೆಯಲ್ಲಿ ಅದರ ನಂಬರನ್ನು ಬರೆದಿಡುವುದು. ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆ, ಒಂಬತ್ತು ತಿಂಗಳ ದಡಾರ ಲಸಿಕೆ. ರಕ್ತದ ಒತ್ತಡದವರಿಗೆ ತಿಂಗಳಿಗೊಮ್ಮೆ. ಸಕ್ಕರೆಯವರಿಗೆ ಮೂರು ತಿಂಗಳಿಗೊಂದು ರಕ್ತಪರೀಕ್ಷೆ. ಕೆಮ್ಮಿನವರಿಗೆ ಏಳನೆಯ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಸಹಾಯಕ ಹುಡುಗಿ ಅಂದಿನ ಹಾಳೆಯನ್ನು ತೆರೆದು ಫೋನು ಮಾಡುತ್ತಾಳೆ. ಗಣಕಯಂತ್ರದಲ್ಲೇ ಏಕಿಲ್ಲವೆಂದು ಕೇಳುವಿರಿ. ಅದೂ ಇದೆ. ರೋಗಿ ಮಾತನಾಡುವಾಗ ಡಾಕ್ಟರ ಪರದೆಯನ್ನೇ ನೋಡುತ್ತ ಕೂಡ್ರುವುದು ಜನಕ್ಕೆ ಸರಿಬರಲಿಲ್ಲ. ಆದುದರಿಂದ ಹಗಲು ಕಾರ್ಡು, ರಾತ್ರಿ ಯಂತ್ರ.

ನಾನು ಬರಿಯ ಗೆರೆ ಎಳೆದವನೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ತುಂಬಿದ ಕಾರ್ಡನ್ನು ನಾನು ಮುಟ್ಟುವುದಿಲ್ಲ. ನೆರೆಯವರ ಕಾಯಿಲೆ ನನಗೆ ತಿಳಿಯಬೇಕಾದುದಲ್ಲ. ಈ ಕೆಲಸಕ್ಕೆ ಸಂಬಳವೂ ಇಲ್ಲವಾದ್ದರಿಂದ ಸೇವಾನಿಯಮದ ಭಂಗವೂ ಇಲ್ಲ.

ಎರಡನೆಯ ಮಳೆಗಾಲದಲ್ಲಿ ಒಂದು ಸಂಜೆ ಅವನು ಕಾರ್ಡುಗಳನ್ನು ಜೋಡಿಸುತ್ತಿದ್ದಾಗ, ಹತ್ತು ದಿನದಲ್ಲಿ ಕಣ್ಣು ಹಳದಿಯಾಗಿ ಬಂದ ಐವರಲ್ಲಿ ನಾಲ್ವರು ಒಂದೇ ಚಾಳಿನವರೆಂದು ಕಂಡಿತು. ಬೇರೆ ಬೇರೆ ದಿನ ಬಂದವರು. ಬರೆದಿಡದಿದ್ದರೆ ನಾಲ್ಕು ಬೇರೆ ಬೇರೆ ಕಾಮಾಲೆಗಳೆಂದೇ ಹೋಗುತ್ತಿತ್ತು. ಅವನು ಚಾಳಿನ ಕಾರ್ಯದರ್ಶಿಯನ್ನು ಕರೆಸಿ ನೆಲದೊಳಗಿನ ನೀರಿನ ತೊಟ್ಟಿಯನ್ನು ತೆರೆಸಿ ನೋಡಿರೆಂದ. ನಗರಪಾಲಿಕೆಯ ಆರೋಗ್ಯ ವಿಭಾಗಕ್ಕೂ ತಿಳಿಸಿದ. ಪಕ್ಕದ ಚರಂಡಿ ಒಡೆದು ತೊಟ್ಟಿಗೆ ಇಳಿಯುತ್ತಿತ್ತು. ತೊಟ್ಟಿ ತೊಳೆಯುವವರೆಗೆ ಮನೆಮನೆಯಲ್ಲಿ ನೀರು ಕುದಿಸಿದರು. ಅದಾದ ಮೇಲೂ ಇಬ್ಬರು ಮಲಗಿದರು, ಏಕೆಂದರೆ ಈ ಕಾಮಾಲೆ ಮೈಯೊಳಗೆ ಹೊಕ್ಕು ಕಾಣಿಸಿಕೊಳ್ಳಲು ವಾರಗಳೇ ಬೇಕು. ಆದರೆ ಆ ಚಾಳಿನ ಮನೆಗಳು ಒಂದೊಂದಾಗಿ ನಮ್ಮ ಕಾರ್ಡಿನ ಪೆಟ್ಟಿಗೆಗೆ ಬಂದವು. ನನ್ನ ಕೈಪತ್ರಿಕೆಯಿಂದ ಒಂದೂ ಬರುತ್ತಿರಲಿಲ್ಲ.

ಮಾಟುಂಗದ ಹಿರಿಯರು ಇನ್ನೊಂದು ಮಾತು ಹೇಳಿದ್ದರು. ದೊಡ್ಡ ಡಾಕ್ಟರರ ಕಡೆ ಕಳಿಸಿದರೆ ಗಿರಾಕಿ ಕೈಬಿಟ್ಟಿತೆಂದು ಹೊಸಬರು ಹೆದರುತ್ತಾರೆ. ಹೆದರಿ ಇಟ್ಟುಕೊಂಡವನು ಮನೆಯನ್ನೇ ಕಳೆದುಕೊಳ್ಳುತ್ತಾನೆ. ತಡಮಾಡದೆ, ಕೈಯಲ್ಲಿ ಪೂರ್ಣ ವಿವರದ ಪತ್ರ ಕೊಟ್ಟು ಕಳಿಸಬೇಕು. ಹಾಗೆ ಕಳಿಸಿದವರು ಆಸ್ಪತ್ರೆಯ ಕಾಗದಗಳ ಕಟ್ಟನ್ನು ಹಿಡಿದುಕೊಂಡು ಇವನ ಹತ್ತಿರವೇ ಮರಳಿ ಬಂದು, "ಇದರಲ್ಲಿ ಏನು ಬರೆದಿದೆ ಹೇಳಿ" ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ.

ಸಣ್ಣಪುಟ್ಟ ಕಟ್ಟಳೆಗಳು ಬಹಳ ಇವೆ. ಚೀಟಿಯ ಮೇಲೂ ರಸೀತಿಯ ಮೇಲೂ ನೋಂದಣಿಯ ನಂಬರಿರಬೇಕು. 2016ರ ನಿಯಮದಂತೆ ಸೂಜಿಗಳು ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಕ್ಷಯರೋಗಿಯನ್ನು ಕಂಡರೆ ಖಾಸಗಿ ಡಾಕ್ಟರರೂ ಸರಕಾರಕ್ಕೆ ತಿಳಿಸಬೇಕೆಂಬುದು 2012ರಿಂದ ಕಡ್ಡಾಯ. 2020ರ ಮಾರ್ಚಿನಿಂದ ಫೋನಿನಲ್ಲಿ ಸಲಹೆ ಕೊಡುವುದಕ್ಕೂ ವಿಧಿವತ್ತಾದ ಮಾರ್ಗಸೂಚಿ ಇದೆ. ಆ ಸಲಹೆಗೆ ಫೀ ಕೊಡುವ ಪುಣ್ಯಾತ್ಮರನ್ನು ನಾವಿನ್ನೂ ಕಂಡಿಲ್ಲ.

ಈಗ ದಿನಕ್ಕೆ ಮೂವತ್ತು ಮಂದಿ, ಮಳೆಗಾಲದಲ್ಲಿ ಐವತ್ತರ ಹತ್ತಿರ. ಬಳೆಗಳಲ್ಲಿ ಎರಡು ಮನೆಗೆ ಬಂದಿವೆ. ಕೂಲಿಕಾರನ ಮಗು ಆರು ತಿಂಗಳ ಔಷಧ ಮುಗಿಸಿ ಶಾಲೆಗೆ ಹೋಗುತ್ತಿದೆ. ಆ ಮನೆಯ ಕಾರ್ಡಿನ ನಂಬರು ಒಂದು. ತಂದೆಗೆ ಇನ್ನೂ ಮೆಟ್ಟಿಲು ಹತ್ತಿದರೆ ಏದುಸಿರು. ಇತ್ತ ನಮ್ಮ ಡಾಕ್ಟರನಿಗೆ ಎಂ.ಡಿ. ಓದುವ ಮನಸ್ಸು. ಓದಲು ಹೋದರೆ ಮೂರು ವರ್ಷ ಈ ಮನೆಗಳನ್ನು ನೋಡುವವರಾರು ಎಂಬ ಚರ್ಚೆ ನಮ್ಮಲ್ಲಿ ಪ್ರತಿ ರಾತ್ರಿ ಊಟದ ಹೊತ್ತಿಗೆ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ. ಕಾರ್ಡಿನ ಹಾಗೂ ದಿನಚರಿಯ ಖಾಲಿ ನಮೂನೆ ಬೇಕಾದವರು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ನನ್ನನ್ನು ಕಾಣಬಹುದು. ಪ್ರತಿಗಳನ್ನು ತೆಗೆಸಿಟ್ಟಿದ್ದೇನೆ.