ಜಿನೀವಾದಲ್ಲಿ ಬಿಚ್ಚಿಕೊಂಡ ಗಂಟು

ವಿಜ್ಞಾನಕ್ಕೆ ಎಲ್ಲೆಗಳಿಲ್ಲವೆಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಸಲೀಸಾಗಿ ಆಡಿಬಿಡುತ್ತೇವೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹತ್ತು ವರ್ಷ ಕಾಲ ವಿಜ್ಞಾನದ ಒಂದು ಶಾಖೆಗೆ ಎಲ್ಲೆ ಮಾತ್ರವಲ್ಲ, ಬೀಗಮುದ್ರೆಯೂ ಇತ್ತು. ಪರಮಾಣುವಿನ ಬೀಜವನ್ನು ಸೀಳಿ ಶಕ್ತಿಯನ್ನು ಪಡೆಯುವ ವಿದ್ಯೆ ಅದು. ಯುದ್ಧಕಾಲದಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದ ಬ್ರಿಟನ್ನಿಗೆ ಸಹ ಅಮೆರಿಕ 1946ರ ಒಂದು ಕಾನೂನಿನಿಂದ ಬಾಗಿಲು ಮುಚ್ಚಿತು. ಇನ್ನು ರಷ್ಯದ ಮಾತೇಕೆ? ಗೆಳೆಯನಿಂದಲೇ ಮುಚ್ಚಿಟ್ಟದ್ದನ್ನು ಹಗೆಗೆ ತೋರಿಸುವವರುಂಟೆ?

ಆ ಮುದ್ರೆ ಮೊದಲ ಬಾರಿಗೆ ಸಡಿಲವಾದದ್ದು 1955ರ ಆಗಸ್ಟ್ 8ರಂದು, ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿ. ಹಿರೋಷಿಮಾಕ್ಕೆ ಹತ್ತು ವರ್ಷ ತುಂಬಿ ಎರಡು ದಿನ ಕಳೆದಿತ್ತು. ನಾಗಸಾಕಿಗೆ ಹತ್ತು ವರ್ಷ ತುಂಬಲು ಒಂದು ದಿನ ಉಳಿದಿತ್ತು. ಪರಮಾಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆ ಕರೆದಿದ್ದ ಆ ಸಮ್ಮೇಳನಕ್ಕೆ 73 ದೇಶಗಳಿಂದ ಸುಮಾರು 1400 ಪ್ರತಿನಿಧಿಗಳು ಬಂದಿದ್ದರು. ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ನಮ್ಮ ಹೋಮಿ ಭಾಭಾ. ಅವರಿಗಿನ್ನೂ 45 ವರ್ಷ. ಯುದ್ಧ ತಡೆಯೊಡ್ಡಿದ್ದರಿಂದ ಕೇಂಬ್ರಿಡ್ಜಿಗೆ ಹಿಂದಿರುಗಲಾರದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದ್ದ ಈ ಮನುಷ್ಯ ಹತ್ತೇ ವರ್ಷಗಳಲ್ಲಿ ಅಮೆರಿಕ ಮತ್ತು ರಷ್ಯಗಳೆರಡೂ ಒಪ್ಪಬಹುದಾದ ಅಧ್ಯಕ್ಷನಾಗಿದ್ದರು. ಎರಡು ಬಣಗಳಿಗೂ ಸೇರದ ದೇಶದವರು ಎಂಬುದು ಇಲ್ಲಿ ಅನುಕೂಲವಾಯಿತು. ವಿದ್ವತ್ತಂತೂ ಇದ್ದೇ ಇತ್ತು.

ಅಲ್ಲಿ ನಡೆದುದರಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ಭಾಷಣಗಳಲ್ಲ, ಅಂಕಿಗಳು. ಯುರೇನಿಯಂ 235ರ ಬೀಜಕ್ಕೆ ನ್ಯೂಟ್ರಾನ್ ಬಡಿದಾಗ ಅದು ಸೀಳುವ ಸಂಭವವೆಷ್ಟು, ಸೀಳಿದಾಗ ಹೊಸದಾಗಿ ಹೊಮ್ಮುವ ನ್ಯೂಟ್ರಾನುಗಳೆಷ್ಟು ಎಂಬ ಲೆಕ್ಕಗಳು ರಿಯಾಕ್ಟರಿನ ಪ್ರಾಣ. ಬಾಂಬಿಗೂ ಅವೇ ಆಧಾರ. ಆದ್ದರಿಂದಲೇ ಪ್ರತಿಯೊಂದು ದೇಶವೂ ಅವನ್ನು ಗಂಟು ಕಟ್ಟಿ ಮುಚ್ಚಿಟ್ಟಿತ್ತು. ಜಿನೀವಾದಲ್ಲಿ ಅಮೆರಿಕ, ರಷ್ಯ, ಬ್ರಿಟನ್, ಫ್ರಾನ್ಸುಗಳು ತಮ್ಮ ತಮ್ಮ ಗಂಟುಗಳನ್ನು ಬಿಚ್ಚಿ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವು. ಅವು ಹೆಚ್ಚುಕಡಮೆ ಒಂದೇ ಆಗಿದ್ದವು! ಒಬ್ಬರಿಂದೊಬ್ಬರು ಬಚ್ಚಿಡಲು ಅಷ್ಟೆಲ್ಲ ಕಾವಲು ಹಾಕಿದ್ದುದು ಇಬ್ಬರಿಗೂ ಗೊತ್ತಿದ್ದುದನ್ನೇ. ಗುಟ್ಟು ಎಂಬುದಕ್ಕೂ ನಿಗೂಢ ಎಂಬುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ: ಗುಟ್ಟನ್ನು ಮನುಷ್ಯ ಮಾಡುತ್ತಾನೆ, ನಿಗೂಢವಾದದ್ದು ಪ್ರಕೃತಿಯಲ್ಲಿದೆ, ಪ್ರಕೃತಿಯನ್ನು ಸರಿಯಾಗಿ ಪ್ರಶ್ನಿಸಿದವನಿಗೆ ಅದು ರಷ್ಯದವನೋ ಅಮೆರಿಕದವನೋ ಎಂದು ನೋಡದೆ ಒಂದೇ ಉತ್ತರವನ್ನು ಕೊಡುತ್ತದೆ.

ನಮ್ಮ ಜಾತ್ರೆಗಳಲ್ಲಿ ತೇರಿನ ಬೀದಿಯುದ್ದಕ್ಕೂ ಬಳೆ ಬೆಂಡುಬತ್ತಾಸುಗಳ ಅಂಗಡಿಗಳು ಇರುವಂತೆ ಅಲ್ಲಿಯೂ ವ್ಯಾಪಾರವಿತ್ತು. ಅಮೆರಿಕದವರು ಒಂದು ಪುಟ್ಟ ರಿಯಾಕ್ಟರನ್ನು ವಿಮಾನದಲ್ಲಿ ತಂದು ಸಮ್ಮೇಳನದ ಆವರಣದಲ್ಲಿಯೇ ಕೊಳವೊಂದರಲ್ಲಿ ಇಳಿಬಿಟ್ಟಿದ್ದರು. ವಿಕಿರಣವನ್ನು ತಡೆಯಲು ನೀರೇ ಗೋಡೆ. ಬೀಜಗಳು ಸೀಳುತ್ತಿದ್ದಂತೆ ಕೊಳದ ತಳದಲ್ಲಿ ನೀಲಿ ಬೆಳಕು ಹೊಮ್ಮುತ್ತಿತ್ತು. ಜನ ಸಾಲುಗಟ್ಟಿ ನಿಂತು ನೋಡಿದರು. ಸಮ್ಮೇಳನ ಮುಗಿದ ಮೇಲೆ ಅದನ್ನು ಸ್ವಿಟ್ಜರ್‌ಲೆಂಡ್ 1,80,000 ಡಾಲರಿಗೆ ಕೊಂಡುಕೊಂಡು, ಆ ನೀಲಿಯ ನೆನಪಿಗೆ 'ಸಫೀರ್', ಎಂದರೆ ನೀಲಮಣಿ ಎಂದು ಹೆಸರಿಟ್ಟಿತು. 1993ರವರೆಗೂ ಅದು ದುಡಿಯಿತು. ಊರೊಳಗೆ ಬೇರೊಂದು ವಸ್ತುಪ್ರದರ್ಶನದಲ್ಲಿ ಖಾಸಗಿ ಕಂಪನಿಗಳು ತಮ್ಮ ಸರಕನ್ನು ಹರಡಿದ್ದವು. ಇದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಮಾರುವವನಿಗೆ ತನ್ನ ವಸ್ತುವನ್ನು ತೋರಿಸದೆ ಗತಿಯಿಲ್ಲ. ಗಂಟು ಬಿಚ್ಚಿದ್ದರಲ್ಲಿ ಔದಾರ್ಯದಷ್ಟೇ ಪಾಲು ಈ ಪೈಪೋಟಿಯದೂ ಇತ್ತು.

ಹಾಗೆಂದು ಎಲ್ಲವನ್ನೂ ಬಿಚ್ಚಿದರೆ? ಇಲ್ಲ. ಕ್ಷಕಿರಣಗಳಿಂದ ಸಂತಾನದ ಗುಣಗಳು ಕೆಡುತ್ತವೆಂದು ಸಾಧಿಸಿ ನೊಬೆಲ್ ಬಹುಮಾನ ಪಡೆದಿದ್ದ ಹರ್ಮನ್ ಮುಲ್ಲರ್ ವಿಕಿರಣ ಮತ್ತು ಆನುವಂಶಿಕತೆಯನ್ನು ಕುರಿತು ಒಂದು ಪ್ರಬಂಧವನ್ನು ಸಿದ್ಧಪಡಿಸಿದ್ದರು. ಅವರ ದೇಶದ ಪರಮಾಣುಶಕ್ತಿ ಆಯೋಗವೇ ಅದನ್ನು ಓದಗೊಡಲಿಲ್ಲ. ಮುಲ್ಲರ್ ಜಿನೀವಾಕ್ಕೆ ಬಂದು ಸಭಿಕರ ನಡುವೆ ಸುಮ್ಮನೆ ಕುಳಿತರು. ನೆರೆದ ವಿಜ್ಞಾನಿಗಳು ಎದ್ದುನಿಂತು ಅವರಿಗೆ ಚಪ್ಪಾಳೆಯ ಗೌರವ ಸಲ್ಲಿಸಿದರು. ಶಕ್ತಿಯ ಲೆಕ್ಕ ಹೊರಬಂತು, ಅಪಾಯದ ಲೆಕ್ಕ ಒಳಗೇ ಉಳಿಯಿತು.

ಬಿಚ್ಚಿದ ವಿದ್ಯೆಯಾದರೂ ಕೊಟ್ಟವನು ಹೇಳಿದ ದಾರಿಯಲ್ಲೇ ನಡೆಯುತ್ತದೆಯೆ? ನಮ್ಮ ಉದಾಹರಣೆಯನ್ನೇ ನೋಡಬಹುದು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲನೆಗೊಂಡ 'ಅಪ್ಸರಾ' ಜಿನೀವಾದಲ್ಲಿ ಕಂಡ ಕೊಳದ ಜಾತಿಯದೇ. ಅದರ ಇಂಧನ ಬಂದದ್ದು ಬ್ರಿಟನ್ನಿನಿಂದ. ಆ ಬಳಿಕ ಕೆನಡಾದ ನೆರವಿನಿಂದ ಮತ್ತು ಅಮೆರಿಕ ಕೊಟ್ಟ ಭಾರಜಲದಿಂದ 'ಸೈರಸ್' ಕಟ್ಟಲ್ಪಟ್ಟಿತು. 1974ರಲ್ಲಿ ಪೋಖ್ರಾನಿನಲ್ಲಿ ಸ್ಫೋಟಿಸಿದ ಪ್ಲುಟೋನಿಯಂ ಸೈರಸ್ಸಿನದು. ನಾವು ಅದನ್ನು ಶಾಂತಿಯುತ ಸ್ಫೋಟವೆಂದೆವು. ಕೆನಡಾ ವಚನಭಂಗವೆಂದಿತು, ನೆರವನ್ನು ನಿಲ್ಲಿಸಿತು. ಗಂಟುಗಳಿಗೆ ಮತ್ತೆ ಬಿಗಿ ಬಿದ್ದಿತು.

ಭಾಭಾ ತಮ್ಮ ಅಧ್ಯಕ್ಷಭಾಷಣದಲ್ಲಿ ಒಂದು ಭವಿಷ್ಯವನ್ನು ನುಡಿದಿದ್ದರು: ಬೀಜಗಳನ್ನು ಸೀಳುವುದರಿಂದಲ್ಲ, ಬೆಸೆಯುವುದರಿಂದ ದೊರೆಯುವ ಶಕ್ತಿ ಎರಡು ದಶಕಗಳೊಳಗೆ ಮನುಷ್ಯನ ಹತೋಟಿಗೆ ಬರುವುದೆಂದು. ಜಿನೀವಾಕ್ಕೆ ಹೊರಟಿದ್ದ ವಿಮಾನ 1966ರ ಜನವರಿಯಲ್ಲಿ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ ಅವರು ತೀರಿಕೊಂಡರು. ಅವರು ಹೇಳಿದ ಗಡುವು ಮೀರಿ ಬಹಳ ಕಾಲವಾಗಿದೆ. ಆದರೆ ಯತ್ನ ನಿಂತಿಲ್ಲ. 1985ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಅದೇ ಜಿನೀವಾದಲ್ಲಿ ಭೇಟಿಯಾದಾಗ ಮೂಡಿದ ಆಲೋಚನೆಯ ಫಲವಾಗಿ ದಕ್ಷಿಣ ಫ್ರಾನ್ಸಿನಲ್ಲಿ 'ಈಟರ್' ಎಂಬ ಬೃಹದ್‌ಯಂತ್ರದ ನಿರ್ಮಾಣ ನಡೆಯುತ್ತಿದೆ. ಅದನ್ನು ಆವರಿಸುವ ಉಕ್ಕಿನ ಮಹಾಪಾತ್ರೆಯ ಭಾಗಗಳು ನಮ್ಮ ಗುಜರಾತಿನ ಹಜೀರಾದಿಂದ ಸಮುದ್ರಮಾರ್ಗವಾಗಿ ಹೋದವು. 2022ರ ನವೆಂಬರಿನಲ್ಲಿ, ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿರುವಂತೆಯೇ, ರಷ್ಯದವರು ನಿರ್ಮಿಸಿದ ಒಂಬತ್ತು ಮೀಟರ್ ವ್ಯಾಸದ ಕಾಂತಸುರುಳಿಯೊಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹಡಗನ್ನೇರಿ ಫ್ರಾನ್ಸಿಗೆ ಹೊರಟಿತು. ಮರುವರ್ಷದ ಆರಂಭದಲ್ಲಿ ಅದು ತಲುಪಿತು.