ನಿಮಗಿದು ಗೊತ್ತೆ? ನರಕೋಶದೊಳಗೂ ಕಸ ವಿಲೇವಾರಿ ಇದೆ!

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೂ ಸವೆದು ಕೆಡುತ್ತವೆ. ಆರೋಗ್ಯವಾಗಿರುವ ಮೈಟೊಕಾಂಡ್ರಿಯ ‘ಪಿಂಕ್–1’ ಎಂಬ ಪ್ರೋಟೀನನ್ನು ಒಳಗೆಳೆದುಕೊಳ್ಳುತ್ತದೆ. ಆ ಪಿಂಕ್–1 ಬೇಗನೆ ನಾಶವಾಗುತ್ತದೆ. ಕೆಟ್ಟುಹೋದ ಮೈಟೊಕಾಂಡ್ರಿಯಕ್ಕೆ ಹೀಗೆ ಎಳೆದುಕೊಳ್ಳಲಾಗದು. ಆಗ ಪಿಂಕ್–1 ಹೊರಪೊರೆಯ ಮೇಲೆಯೇ ಜಮೆಯಾಗಿ ‘ಪಾರ್ಕಿನ್’ ಎಂಬ ಇನ್ನೊಂದು ಪ್ರೋಟೀನನ್ನು ಕರೆಸಿಕೊಳ್ಳುತ್ತದೆ. ಪಾರ್ಕಿನ್ ಅಲ್ಲಿ ‘ಯುಬಿಕ್ವಿಟಿನ್’ ಎಂಬ ಗುರುತು ಅಂಟಿಸುತ್ತದೆ. ಗುರುತು ಬಿದ್ದ ಮೈಟೊಕಾಂಡ್ರಿಯವನ್ನು ಪೊರೆಯೊಂದು ಸುತ್ತುವರಿದು ಲೈಸೋಸೋಮ್ ಎಂಬ ಕೋಶಾಂಗಕ್ಕೆ ಸೇರಿಸುತ್ತದೆ. ಅಲ್ಲಿನ ಕಿಣ್ವಗಳು ಅದನ್ನು ಕರಗಿಸುತ್ತವೆ. ಈ ಕ್ರಿಯೆಯೇ ‘ಮೈಟೊಫೇಜಿ’.

ಈ ವಿಲೇವಾರಿ ತಪ್ಪಿದರೆ ಕಾಯಿಲೆ ಬರಬಹುದು. ಪಾರ್ಕಿನ್ ಜೀನಿನ ದೋಷದಿಂದ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು ಬರುತ್ತವೆಂದು ಜಪಾನಿನ ಸಂಶೋಧಕರು 1998ರಲ್ಲಿ ಪತ್ತೆಹಚ್ಚಿದರು. ಪಿಂಕ್–1 ಜೀನಿನ ದೋಷವೂ ಇಂಥದ್ದೇ ಕಾಯಿಲೆ ತರುತ್ತದೆಂದು 2004ರಲ್ಲಿ ತಿಳಿಯಿತು. ನರಕೋಶಗಳು ವಿಭಜನೆಯಾಗುವುದಿಲ್ಲ; ಹಾಗಾಗಿ ಕೆಟ್ಟ ಮೈಟೊಕಾಂಡ್ರಿಯ ಒಳಗೇ ಉಳಿದರೆ ಹಾನಿ ವರ್ಷಗಟ್ಟಲೆ ಬೆಳೆಯುತ್ತಲೇ ಹೋಗುತ್ತದೆ. ಅಲ್ಜೈಮರ್ ರೋಗಿಗಳ ಮಿದುಳಿನಲ್ಲೂ ಮೈಟೊಫೇಜಿ ಕುಂದಿರುವುದು ಕಂಡುಬಂದಿದೆ.